ಜ್ವರವಿಲ್ಲದ ಕಾಯಿಲೆ

ಆ ಸೋಮವಾರ ಬಿ.ಜಿ. ಕೆರೆ ಸ್ಟಾಪ್ ಬಂತು. ನಾನು ಪಾಠ ಹೇಳುವ ಶಾಲೆಯ ಗೇಟು ಬಸ್ಸಿನ ಕಿಟಕಿಯಲ್ಲಿ ಕಂಡಿತು. ಇಳಿಯಬೇಕೆಂದು ಗೊತ್ತಿತ್ತು.

ಏಳಲಾಗಲಿಲ್ಲ.

ಮೊಳಕಾಲ್ಮುರು ಸ್ಟ್ಯಾಂಡಿನಲ್ಲಿ ಕಂಡಕ್ಟರ್ ನಕ್ಕರು. "ಏನ್ ಮೇಡಂ, ಇವತ್ತು ನಮ್ಮೂರಿಗೆ ನೆಂಟ್ರಾಗಿ ಬಂದ್ರಾ?" ನಗಬೇಕೋ ಅಳಬೇಕೋ ತಿಳಿಯದೆ ಅದೇ ಬಸ್ಸಿನಲ್ಲಿ ಚಳ್ಳಕೆರೆಯ ಮನೆಗೆ ವಾಪಸಾದೆ.

ಡೈರಿಯಲ್ಲಿ "ಸ್ಟಾಪ್ ತಪ್ಪಿತು" ಎಂದು ಬರೆದೆ. ತಪ್ಪಿರಲಿಲ್ಲ. ಆದರೆ ಮತ್ತೇನಂತ ಬರೆಯುವುದು? ದಿನವೂ ಲೆಕ್ಕ ಇಡುವವಳು ನಾನು: ತಿದ್ದಿದ ಪೇಪರು, ಓದಿದ ಬಿ.ಎಡ್. ಪಾಠ, ಹಾಸಿಗೆ ಹಿಡಿದಿರುವ ಅಜ್ಜಿಗೆ ಕೊಟ್ಟ ಮಾತ್ರೆ, ನನ್ನ ನಿದ್ದೆ. ನಿದ್ದೆಯ ಜಾಗ ವಾರಗಟ್ಟಲೆ ಖಾಲಿಯಿತ್ತು.

ಕೊನೆಗೆ ಆಸ್ಪತ್ರೆಗೆ ಹೋದೆ. ಸೈಕಿಯಾಟ್ರಿಸ್ಟ್ ಹೇಳಿದ್ದು ಆಂಗ್ಸೈಟಿ, ಜೊತೆಗೆ ಡಿಪ್ರೆಶನ್. "ಮಾತ್ರೆ ಶುರು ಮಾಡೋಣ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ಆಗ್ಬೇಕು. ಈ ಸಲ ಉಪವಾಸ ಬೇಡಮ್ಮ."

ರಂಜಾನ್ ಆ ವಾರವೇ ಶುರುವಾಗಲಿತ್ತು, ತಿಂಗಳಿಡೀ ಹಗಲು ಉಪವಾಸದ ರೋಜಾ.

ಮನೆಯಲ್ಲಿ ಅಮ್ಮಿ ನನ್ನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ, ವಾಂತಿ ಇಲ್ಲ. ರೋಜಾ ಯಾಕೆ ಬಿಟ್ಟೆ ಅಂತ ಯಾರಾದ್ರೂ ಕೇಳಿದ್ರೆ ಏನಂತ ಹೇಳ್ತೀಯಾ?"

ಕಾಯಿಲೆಯವರಿಗೆ ಉಪವಾಸ ಮಾಫಿ. ಅಜ್ಜಿಯನ್ನು ಯಾರೂ ಕೇಳುವುದಿಲ್ಲ. ನನ್ನದು ಕಾಯಿಲೆಯೋ, ಮೈಗಳ್ಳತನವೋ? ಡಾಕ್ಟರ್ ಹೆಸರು ಹೇಳಿದ್ದರೂ ಒಳಗೊಂದು ದನಿ ಸುಳ್ಳು ಸುಳ್ಳು ಅನ್ನುತ್ತಿತ್ತು. ರೋಜಾ ಇಟ್ಟೆ.

ಮೂರನೆಯ ರೋಜಾದ ಮಧ್ಯಾಹ್ನ ಅಜ್ಜಿಗೆ ಅನ್ನ ತಿನ್ನಿಸುತ್ತಿದ್ದೆ. ಚಮಚ ಅವಳ ಬಾಯಿಯ ಹತ್ತಿರ ನಿಂತಿತು. ಅವಳು ಬಾಯಿ ತೆರೆದು ಕಾಯುತ್ತಿದ್ದಳು. ಕೈ ಮುಂದೆ ಹೋಗಬೇಕೆಂದು ಗೊತ್ತಿತ್ತು.

ಹೋಗಲಿಲ್ಲ.

"ಬಹೂ, ಬಾರೇ ಇಲ್ಲಿ!" ಅಜ್ಜಿ ತನ್ನ ಸೊಸೆಯನ್ನು, ನನ್ನ ಅಮ್ಮಿಯನ್ನು ಕೂಗಿದಳು. "ಹುಡುಗಿ ಕಲ್ಲಾಗೈತೆ. ನನ್ನ ಬಾಯಾಗೆ ನೊಣ ಹೋಗ್ತೈತೆ!"

ಅಮ್ಮಿ ಬಂದು ಚಮಚ ಬಿಡಿಸಿಕೊಂಡಳು. ನನ್ನ ಮುಖವನ್ನೇ ನೋಡಿದಳು. ಅಜ್ಜಿಗೆ ತಿನ್ನಿಸಿ ಮುಗಿಸಿ, ಬೀದಿ ಬಾಗಿಲು ಮುಂದಕ್ಕೆ ಮಾಡಿ, ನನ್ನ ಮುಂದೊಂದು ತಟ್ಟೆ ಇಟ್ಟಳು. ಅನ್ನ, ಬಿಸಿ ಬೇಳೆ.

"ಉಪ್ಪು ನೋಡಿ ಹೇಳು. ರೋಜಾದಾಗೆ ನಾನು ನೋಡೋ ಹಂಗಿಲ್ಲ."

"ಅಮ್ಮಿ, ನನ್ನ ರೋಜಾ?"

"ಬಿಟ್ಟಿದ್ದನ್ನ ಚಳಿಗಾಲಕ್ಕೆ ತೀರಿಸುವಿಯಂತೆ. ಹಗಲು ಸಣ್ಣದಿರ್ತೈತೆ."

ಮಾತ್ರೆ ಈಗಲೂ ನುಂಗುತ್ತಿದ್ದೇನೆ. ಕೆಲವು ದಿನ ಚೆನ್ನಾಗಿರುತ್ತದೆ, ಕೆಲವು ದಿನ ಯಾಕೆ ಚೆನ್ನಾಗಿಲ್ಲವೆಂದು ತಿಳಿಯುವುದಿಲ್ಲ. ಆದರೆ ಆ ಮಧ್ಯಾಹ್ನ ಒಂದು ತುತ್ತು ಬಾಯಿಗಿಟ್ಟು, ಅಳುತ್ತಲೇ ಹೇಳಿದೆ:

"ಕಮ್ಮಿ ಐತೆ."

ಬಹಳ ದಿನಗಳ ಮೇಲೆ ನಾನು ಅನುಮಾನವಿಲ್ಲದೆ ಆಡಿದ ಮಾತು ಅದು. ಅಮ್ಮಿ ಉಪ್ಪು ತರಲು ಎದ್ದಳು.