ದೊಡ್ಡಪ್ಪನ ಕೋವಿಯ ಬಾಯಿ

ಗುರಿ ಹಿಡಿದಾಗ ದೊಡ್ಡಪ್ಪನ ಎಡಗಣ್ಣು ಮುಚ್ಚುತ್ತಿದ್ದಂತೆ ಮೀಸೆಯ ಆ ಕಡೆಯ ಅರ್ಧವೂ ಮೇಲೇಳುತ್ತಿತ್ತು. ನಗು ಬಂದರೂ ಯಾರೂ ನಗುತ್ತಿರಲಿಲ್ಲ. ಅರಕಲಗೂಡಿನ ಈ ಹೊಗೆಸೊಪ್ಪಿನ ವ್ಯಾಪಾರಿಗೆ ಹಾಸನದ ಶೂಟಿಂಗ್ ಮೈದಾನದಲ್ಲಿ ಅಷ್ಟು ಹೆಸರಿತ್ತು.

ಪ್ರತಿ ಆಯುಧಪೂಜೆಗೂ ಅವರು ರೈಫಲ್ಲಿಗೆ ವಿಭೂತಿ ಬಳಿದು, ನಳಿಗೆಯ ಬಾಯಿಗೆ ಒದ್ದೆ ಸೇವಂತಿಗೆ ಸಿಕ್ಕಿಸಿದರೆ ದೀಪಾವಳಿಯವರೆಗೂ ತೆಗೆಯುತ್ತಿರಲಿಲ್ಲ. ಪೂಜೆಯ ಹೂವನ್ನು ನಾವಾಗಿ ಕೀಳಬಾರದು ಎನ್ನುವುದು ಅವರ ಹಟ. ಹಟದಲ್ಲಿ ಅವರನ್ನು ಸೋಲಿಸುವವರು ನಮ್ಮ ಮನೆಯಲ್ಲಿ ಹುಟ್ಟಿರಲಿಲ್ಲ. ತೊಂಬತ್ತರ ದಶಕದ ಕೊನೆಗೆ ಗುಂಡುಗಳು ಚೆದುರತೊಡಗಿದವು. ಹಾಸನದ ಕೋವಿ ರಿಪೇರಿಯವರು ನೋಡಿ, ಬಾಯಿಯ ಅಂಚನ್ನು ತುಕ್ಕು ತಿಂದಿದೆ ಎಂದರು. ತುದಿಯನ್ನು ಒಂದಿಷ್ಟು ಕೊಯ್ದು, ಹೊಸ ಅಂಚನ್ನು ಸುತ್ತಲೂ ಸಮ ಮಾಡಿಕೊಟ್ಟರು. ಆಮೇಲೂ ಗುಂಡು ಚೆದುರಿದವು. ದೊಡ್ಡಪ್ಪ ಸ್ನೇಹಿತರ ಮನೆಮನೆಗೆ ಹೋಗಿ, "ಆವಯ್ಯ ನನ್ ಕೋವೀನ ಕೊಂದ್ಬುಟ್ಟ ಕಣ್ಲಾ" ಎಂದು ಹೇಳಿಕೊಂಡು ಬಂದರು. ಜನ ತಮ್ಮ ಕೋವಿಗಳನ್ನು ಮೈಸೂರಿಗೆ ಒಯ್ಯತೊಡಗಿದರು.

ಒಂದು ಭಾನುವಾರ, ನಳಿಗೆ ಎಷ್ಟು ಹಾಳಾಗಿದೆ ಎಂದು ಮೈದಾನದವರಿಗೆ ತೋರಿಸಲೆಂದೇ, ಎನ್‌ಸಿಸಿಯಲ್ಲಿ ಗುರಿ ಕಲಿತಿದ್ದ ನನ್ನ ಕೈಗೆ ರೈಫಲ್ ಕೊಟ್ಟರು. ನನ್ನ ಗುಂಡುಗಳೆಲ್ಲ ಎಂಟಾಣೆ ಮುಚ್ಚುವಷ್ಟು ಜಾಗದಲ್ಲೇ ಬಿದ್ದವು. ದೊಡ್ಡಪ್ಪ ಆ ಕಾಗದವನ್ನು ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದರು. ಕಿವಿಯವರೆಗೂ ಕೆಂಪಾದರು.

"ಕೆಟ್ಟಿರೋದು ನನ್ ಕಣ್ಣು ಕಣವ್ವ" ಎಂದರು.

ಅಂದೇ ರಿಪೇರಿಯವರ ಅಂಗಡಿಗೆ ಹೋಗಿ ಗಿರಾಕಿಗಳ ಮುಂದೆಯೇ ಕೈಮುಗಿದರು. ಅಲ್ಲಿಗೆ ಮುಗಿಯಿತೆಂದುಕೊಂಡೆ.

"ಎಲ್ಲೆಲ್ ಏಳಿದ್ನೋ ಅಲ್ಲೆಲ್ಲಾ ಓಗಿ ಏಳ್ಬೇಕು" ಎಂದರು.

ನನ್ನ ಸ್ಕೂಟರಿನ ಹಿಂದೆ ಕೂತು ಸಾಲಗಾಮೆಗೆ ಬಂದರು, ಹೊಳೆನರಸೀಪುರಕ್ಕೆ ಬಂದರು. ಕಾಫಿ ಮುಟ್ಟುವ ಮೊದಲೇ ತಪ್ಪು ಹೇಳಿಕೊಳ್ಳುತ್ತಿದ್ದರು. ಒಬ್ಬರು ನಕ್ಕೇಬಿಟ್ಟರು; ಇನ್ನೊಬ್ಬರು ಈ ವಯಸ್ಸಿಗೆ ಇದೆಲ್ಲ ಬೇಕಿತ್ತೇ ಎಂದರು. ನಾಚಿಕೆಯಿಂದ ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂರುತ್ತಿದ್ದೆ. ಅವರಿಗೂ ಅದು ಸುಲಭವಾಗಿರಲಿಲ್ಲ. ಪ್ರತಿ ಬಾಗಿಲಲ್ಲೂ ಚಪ್ಪಲಿ ಬಿಡುವಾಗ ನನ್ನ ಭುಜವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು.

ಚನ್ನರಾಯಪಟ್ಟಣದ ಒಂದು ಮನೆ ಉಳಿದಿತ್ತು. ಅಷ್ಟರಲ್ಲಿ ದೊಡ್ಡಪ್ಪ ಎದೆನೋವು ಬಂದು ತೀರಿಕೊಂಡರು.

ಶಿವಗಣಾರಾಧನೆ ಮುಗಿದ ಮೇಲೆ ನಾನೇ ಹೋದೆ. ಆ ಮನೆಯ ಯಜಮಾನರು ಕಣ್ಣೊರೆಸಿಕೊಂಡು, ಆ ರಿಪೇರಿಯವನಿಂದ ಪಾಪ ಅವರ ಹೆಸರೇ ಹೋಯಿತು ಎಂದರು. ತಪ್ಪು ನನ್ನದಲ್ಲ, ಆದರೂ ಮುಖ ಉರಿಯಿತು. ಸತ್ತವರ ಮಾನ ನಾನೇಕೆ ಕಳೆಯಲಿ ಎಂದೂ ಅನ್ನಿಸಿತು. ಇಷ್ಟು ಕಷ್ಟದ ಮಾತನ್ನು ದೊಡ್ಡಪ್ಪ ಅಷ್ಟು ಮನೆಗಳಲ್ಲಿ ಹೇಗೆ ಆಡಿದರೋ.

ಕಾಫಿ ಬಂತು. ಮುಟ್ಟಲಿಲ್ಲ.

"ಕೋವಿ ಸರ್ಯಾಗೇ ಇತ್ತು. ತಪ್ಪು ನಮ್ ದೊಡ್ಡಪ್ಪಂದು" ಎಂದೆ.