ಎಮ್ಮೆ ಬಾಯಿ ಮುಚ್ಚಿದ ಹನ್ನೊಂದು ದಿನ

ಇಪ್ಪತ್ತೊಂದು ವರ್ಷಗಳಿಂದ ನಾನು ಒಂದು ಎಮ್ಮೆ ಮತ್ತು ಒಂದು ಬೆಳ್ಳಕ್ಕಿಯ ಬಾಯಲ್ಲಿ ಮಾತಾಡುತ್ತಿದ್ದೇನೆ. ಯಾದಗಿರಿಯಿಂದ ಹೊರಡುವ ಸಣ್ಣ ದಿನಪತ್ರಿಕೆಯೊಂದರಲ್ಲಿ, ವಾರಕ್ಕೆ ಆರು ದಿನ, ಮೂರು ಚೌಕಗಳ ವ್ಯಂಗ್ಯಚಿತ್ರದಲ್ಲಿ. ಎಮ್ಮೆ ನಿಂತಿರುತ್ತದೆ, ಬೆಳ್ಳಕ್ಕಿ ಅದರ ಬೆನ್ನ ಮೇಲೆ ಕೂತಿರುತ್ತದೆ, ಎರಡೂ ಸೇರಿ ಊರ ಸುದ್ದಿ ಆಡುತ್ತವೆ. ಅದಕ್ಕಿಂತ ದೊಡ್ಡ ಕಥೆಯೇನೂ ಅದರಲ್ಲಿಲ್ಲ.

ಹೊಟ್ಟೆಪಾಡಿಗೆ ನಾನು ಸುರಪುರದ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ಮನೆ ಆ ಊರಿಗೇ ಸೇರಿದ ರಂಗಂಪೇಟೆಯಲ್ಲಿ. ಇಲ್ಲಿಯ ಹಳೇ ಚಿತ್ರಕಾರರು ಚಿನ್ನದ ರೇಕು ಅಂಟಿಸಿ ದೇವರನ್ನೂ ದೊರೆಗಳನ್ನೂ ಬರೆದವರು. ಮೊದಲ ಚಿತ್ರ ಅಚ್ಚಾದ ದಿನ ನಮ್ಮ ಅತ್ತೆ ಪತ್ರಿಕೆಯನ್ನು ದೂರ ಹಿಡಿದು ನೋಡಿ, "ಇಂಥಾ ಊರಾಗ ಇದ್ದು ಎಮ್ಮಿ ಬರೀತೀಯಲ್ಲ" ಎಂದು ಬೇಜಾರು ಮಾಡಿಕೊಂಡರು. "ದೇವ್ರನ್ನ ಬರಿಯೋರು ಭಾಳ ಮಂದಿ ಅದಾರತ್ತಿ, ಎಮ್ಮಿಗೆ ಯಾರೂ ಇಲ್ಲ" ಎಂದೆ. ಆಮೇಲೆ ಅವರು ಆ ಮಾತು ಎತ್ತಲಿಲ್ಲ.

ಎಮ್ಮೆ ಹುಟ್ಟಿದ್ದು ಮಾತ್ರ ಇಲ್ಲಲ್ಲ. ಶಹಾಪುರದಲ್ಲಿ ಓದು ಮುಗಿಸಿ ನಾನು ಚಿತ್ರಕಲೆಯ ತರಬೇತಿಗೆಂದು ದಕ್ಷಿಣದ ಒಂದು ಊರಿಗೆ ಹೋಗಿದ್ದೆ. ಹಾಸ್ಟೆಲಿನಲ್ಲಿ ಮೊದಲ ದಿನ ಬಾಯಿ ಬಿಟ್ಟಾಗ ಹುಡುಗಿಯರು ನಕ್ಕರು. "ಇನ್ನೊಂದ್ಸಲ ಹೇಳೇ, ಜಗಳ ಆಡ್ದಂಗೆ ಇದೆ" ಎಂದು ಒಬ್ಬಳು ಬೇರೆ ಕೋಣೆಯವರನ್ನೂ ಕರೆದು ತಂದಳು. ನಾನು ಕೇಳಿದ್ದು ಬಚ್ಚಲುಮನೆಯ ಬಕೆಟ್ಟು ಎಲ್ಲಿದೆ ಎಂದು ಮಾತ್ರ. ಆ ಎರಡು ವರ್ಷ ನಾನು ಹೆಚ್ಚು ಮಾತಾಡಲಿಲ್ಲ. ಹೇಳಬೇಕೆನಿಸಿದ್ದನ್ನೆಲ್ಲ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಒಂದು ಎಮ್ಮೆ ಹೇಳತೊಡಗಿತು. ಅದು ಯಾರಿಗೂ ಹೆದರುತ್ತಿರಲಿಲ್ಲ.

ಊರಿಗೆ ಮರಳಿ ನೌಕರಿ ಸೇರಿದ ಮೇಲೆ ಆ ಹಾಳೆಗಳನ್ನು ಹರಿದು ಪತ್ರಿಕೆಗೆ ಕಳಿಸಿದೆ. ಆಗಿನ ಸಂಪಾದಕರು ವಯಸ್ಸಾದವರು. "ಬರೋಬ್ಬರಿ ನಮ್ಮವ್ವ ಮಾತಾಡಿದಂಗ ಅದ, ದಿನಾ ಕಳಸು" ಎಂದು ಕಾರ್ಡು ಬರೆದರು. ಫೋನಿನಲ್ಲಿ ಚಿತ್ರ ಕಳಿಸುವ ಕಾಲವಲ್ಲ ಅದು. ಬೆಳಿಗ್ಗೆ ಯಾದಗಿರಿ ಬಸ್ಸಿನ ಕಂಡಕ್ಟರ ಕೈಗೆ ಲಕೋಟೆ ಕೊಡುತ್ತಿದ್ದೆ. ಲಕೋಟೆಗೆ ಅಂಟು ಹಚ್ಚಬಾರದೆಂದು ಕಂಡಕ್ಟರೇ ಹೇಳಿದ್ದರು. ಶಹಾಪುರ ದಾಟುವುದರೊಳಗೆ ಅರ್ಧ ಬಸ್ಸು ಅದನ್ನು ಓದಿ ಮುಗಿಸಿರುತ್ತಿತ್ತಂತೆ.

ಮೂರು ವರ್ಷಗಳ ಹಿಂದೆ ಆ ಸಂಪಾದಕರು ತೀರಿಕೊಂಡರು. ಹೊಸಬರು ಬಂದರು. ಊರು ಯಾದಗಿರಿ ಹತ್ತಿರದ ರಾಮಸಮುದ್ರವೇ ಆದರೂ ಬಹಳ ವರ್ಷ ಹೊರಗೆ ದೊಡ್ಡ ಪತ್ರಿಕೆಗಳಲ್ಲಿ ಇದ್ದವರು. ಕೆಲಸದಲ್ಲಿ ಶಿಸ್ತು. ಬಂದ ಎರಡನೇ ತಿಂಗಳಿಗೆ ಒಂದು ಬೆಳಿಗ್ಗೆ ನಾನು ಪತ್ರಿಕೆ ಬಿಡಿಸಿ ನೋಡುತ್ತೇನೆ, ಎಮ್ಮೆಯ ಮಾತು ಬದಲಾಗಿದೆ.

ನಾನು ಬರೆದದ್ದು ಹೀಗೆ. ರಸ್ತೆಯ ನಡುವೆ ಎಮ್ಮೆ ನಿಂತಿದೆ, ಹಿಂದೆ ಜೀಪು ಹಾರ್ನ್ ಹೊಡೆಯುತ್ತಿದೆ. ಬೆಳ್ಳಕ್ಕಿ, "ಸರೀಬೇ, ಸಾಹೇಬ್ರು ಬಂದಾರ" ಎನ್ನುತ್ತದೆ. ಎಮ್ಮೆ, "ರಸ್ತಾ ಅವ್ರದಾದ್ರ ತೆಗ್ಗೂ ಅವ್ರದ. ತುಂಬಾಕ ಹೇಳು, ಆಮ್ಯಾಲ ಸರೀತೀನಿ" ಎನ್ನುತ್ತದೆ. ಅಚ್ಚಾಗಿದ್ದು: "ರಸ್ತೆಯು ಅವರದಾದರೆ ಗುಂಡಿಗಳೂ ಅವರದೇ. ಅವುಗಳನ್ನು ಮುಚ್ಚಲು ತಿಳಿಸು, ನಂತರ ಸರಿಯುತ್ತೇನೆ." ನನ್ನ ಕೈಬರಹ ಅಳಿಸಿ ಕಂಪ್ಯೂಟರಿನ ಅಕ್ಷರ ಕೂರಿಸಿದ್ದರು. ಎಮ್ಮೆ ಕಚೇರಿಯ ಟಿಪ್ಪಣಿ ಓದುತ್ತಿದ್ದಂತಿತ್ತು. ಫೋನು ಮಾಡಿದರೆ ಸಂಪಾದಕರು ಸಿಗಲಿಲ್ಲ. ಇಡೀ ವಾರ ಹಾಗೇ ಬಂತು.

ಭಾನುವಾರ ನಾನೇ ಯಾದಗಿರಿಗೆ ಹೋದೆ. ಅವರು ಗೌರವದಿಂದಲೇ ಕೂರಿಸಿದರು.

"ಮೇಡಂ, ಪತ್ರಿಕೆಯನ್ನು ಈಗ ಫೋನಿನಲ್ಲಿ ಎಲ್ಲ ಕಡೆ ಓದುತ್ತಾರೆ. ಹೊರಗಿನವರಿಗೆ ಈ ಭಾಷೆ ಒರಟು ಅನ್ನಿಸುತ್ತೆ. ನಗೋಕೆ ಸರಿ, ಬರೆಯೋಕಲ್ಲ" ಎಂದರು.

ಅಷ್ಟರಲ್ಲಿ ಅವರಿಗೆ ಫೋನು ಬಂತು. ಅವರ ತಾಯಿ ಇರಬೇಕು. ಸಂಪಾದಕರು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು, "ಹೂನ್ಬೇ, ಉಂಡೀನಿ. ಖರೇನ ಉಂಡೀನಿ. ಮಂದಿ ಬಂದಾರ, ಇಡು" ಎಂದರು. ಧ್ವನಿ ಎಷ್ಟು ಮೆತ್ತಗಾಗಿತ್ತೆಂದರೆ ನನಗೆ ಬೇರೆ ಯಾರೋ ಮಾತಾಡಿದಂತಾಯಿತು.

ಫೋನಿಟ್ಟ ಮೇಲೆ ನಾನು, "ನನ್ನ ಎಮ್ಮಿ ಆಡೂದು ಇದ ಮಾತು ಸರ್. ಇದರಾಗ ಒರಟು ಯಾವುದದ?" ಎಂದು ಕೇಳಿದೆ.

ಕೇಳಬಾರದಿತ್ತೇನೋ. ಅವರ ಮುಖ ಬಿಗಿಯಾಯಿತು. "ಮನೆ ಬೇರೆ, ಪತ್ರಿಕೆ ಬೇರೆ. ತಿದ್ದಿದ್ದನ್ನು ಒಪ್ಪಿದರೆ ಚಿತ್ರ ಇರುತ್ತೆ, ಇಲ್ಲವಾದರೆ ಇಲ್ಲ" ಎಂದು ಮುಂದಿದ್ದ ಕಾಗದಗಳಿಗೆ ಕೈಹಾಕಿದರು.

ಬಸ್ಸಿನಲ್ಲಿ ಬರುವಾಗಲೂ ಸಿಟ್ಟು ಇಳಿದಿರಲಿಲ್ಲ. ಚಿತ್ರ ನಿಲ್ಲಿಸಿಬಿಡಬಹುದಿತ್ತು. ಆದರೆ ನಾನೇ ಎದ್ದು ಹೋದರೆ ಅವರಿಗೆ ಅದಕ್ಕಿಂತ ಸುಲಭ ಇನ್ನೇನಿತ್ತು? ಮನೆಗೆ ಬಂದು ಅಂದಿನ ಮೂರು ಚೌಕ ಬರೆದೆ. ಎಮ್ಮೆ ನಿಂತಿತು, ಬೆಳ್ಳಕ್ಕಿ ಕೂತಿತು, ಮಾತಿನ ಗುಳ್ಳೆಗಳೂ ಇದ್ದವು. ಗುಳ್ಳೆಯೊಳಗೆ ಏನೂ ಬರೆಯಲಿಲ್ಲ. ಹಾಗೇ ಕಳಿಸಿದೆ. ತಿದ್ದುವುದಕ್ಕೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ಅದು ಅಚ್ಚಾಯಿತು. ಕೊನೇ ಪುಟ ಕಟ್ಟುವವರು ಏನೋ ಹೊಸ ತಮಾಷೆ ಎಂದುಕೊಂಡರಂತೆ. ಮರುದಿನವೂ ಹಾಗೇ ಕಳಿಸಿದೆ. ಸಂಪಾದಕರು ಫೋನು ಮಾಡಿ, "ಇದೇನು ಹಟ?" ಎಂದರು. "ಎಮ್ಮಿಗೆ ನಿಮ್ಮ ಭಾಷಾ ಬರಂಗಿಲ್ರಿ, ಅದರದು ನಿಮಗ ಬ್ಯಾಡ. ಸುಮ್ನ ಕುಂತದ" ಎಂದೆ. ಅವರು ಚಿತ್ರ ತೆಗೆದುಹಾಕುತ್ತಾರೆಂದು ದಿನಾ ಕಾದೆ. ಯಾಕೋ ತೆಗೆಯಲಿಲ್ಲ.

ನಾಲ್ಕನೇ ದಿನ ಶಾಲೆಯಲ್ಲಿ ಒಬ್ಬ ಸಹೋದ್ಯೋಗಿ ತಮ್ಮ ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ಯಾದಗಿರಿ ಸ್ಟೇಶನ್ನಿನ ಹತ್ತಿರದ ಚಹಾದಂಗಡಿಯವನು ಪತ್ರಿಕೆಯನ್ನು ಗೋಡೆಗೆ ಅಂಟಿಸಿ, ಖಾಲಿ ಗುಳ್ಳೆಯಲ್ಲಿ ಪೆನ್ನಿನಿಂದ, "ರೈಲು ಬಂದಾದಂತ, ನೀರು ಯಾವಾಗ ಬರ್ತಾದ?" ಎಂದು ಬರೆದಿದ್ದ. ನಂತರ ಅಂಥವು ಬರುತ್ತಲೇ ಹೋದವು. ಕೆಲವು ಬಹಳ ಕೆಟ್ಟದಾಗಿದ್ದವು. ಎರಡು ನನ್ನವಕ್ಕಿಂತ ಚೆನ್ನಾಗಿದ್ದವು, ಹೊಟ್ಟೆಕಿಚ್ಚಾಯಿತು.

ಹನ್ನೊಂದನೇ ದಿನ ಸಂಪಾದಕರು ಕರೆಸಿದರು. ನಾನು ಹೋಗಿ ಅವರೆದುರು ಕೂರುವಷ್ಟರಲ್ಲಿ ಒಬ್ಬ ಮುದುಕಿ ಬಾಗಿಲಲ್ಲಿ ಬಂದು ನಿಂತಳು. ಭೀಮಾ ದಂಡೆಯ ಊರಿನಿಂದ ಮೀನು ತಂದು ಯಾದಗಿರಿಯ ಬಜಾರಿನಲ್ಲಿ ಮಾರುವವಳು. ಬರಿದಾದ ಬುಟ್ಟಿಯನ್ನು ಹೊರಗೇ ಇಟ್ಟು ಬಂದಿದ್ದಳು.

"ಎಮ್ಮಿ ಚಿತ್ರ ಮಾಡೋರು ಯಾರ್ರಿ?"

ನಾನೇ ಎಂದೆ.

"ನನಗ ಓದಾಕ ಬರಂಗಿಲ್ರಿ. ಸೊಸಿ ಓದಿ ಹೇಳ್ತಾಳ. ಇಷ್ಟ ದಿನ ಆತು, ಏನೂ ಬರ್ದಿಲ್ಲ ಅತ್ತಿ, ಅಂತಾಳ. ಸುಳ್ಳ ಹೇಳಾಕತ್ತಾಳ ಅಂತ ಆಕಿಗೆ ಬೈದೀನಿ. ಎಮ್ಮಿಗೆ ಏನಾಗ್ಯಾದ?"

ಸಂಪಾದಕರು ಗಂಟಲು ಸರಿಮಾಡಿಕೊಂಡು, "ಹಾಗಲ್ಲಮ್ಮ, ಇನ್ನೂ ಸ್ವಲ್ಪ ಶುದ್ಧ ಭಾಷೆಯಲ್ಲಿ ಹಾಕೋಣ ಅಂತ" ಎಂದರು.

"ಅದಕ್ಕೂ ಮದಲ ಒಂದ್ ವಾರ ಹಂಗ ಬಂದಿತ್ತಲ್ರಿ. ತಿಳೀಲಿಲ್ಲ ಅಂತಲ್ಲ, ತಿಳೀತು. ಆದ್ರ ಅದು ನಮ್ಮ ಎಮ್ಮಿ ಅನಸಲಿಲ್ಲ. ಯಾರೋ ಆಫೀಸರು ಎಮ್ಮಿ ತೊಗಲು ಹೊತ್ಕೊಂಡು ನಿಂತಂಗಿತ್ತು." ಅವಳು ಮೇಜಿನ ಮೇಲಿದ್ದ ಅಂದಿನ ಪತ್ರಿಕೆಯ ಮೇಲೆ ಅಂಗೈ ಇಟ್ಟಳು. "ಇಷ್ಟೂ ಪೇಪರು ನಿಮ್ಮ ಭಾಷಾನೇ ಅದ. ನಾವೇನರ ಅಂದೀವೇನು? ನಮ್ಮದು ಅಂಗೈಯಷ್ಟು ಜಾಗ. ಅದೂ ಬೇಕೇನ್ರಿ ನಿಮಗ?"

ಅವಳ ಧ್ವನಿಯಲ್ಲಿ ಜಗಳವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ್ದಳು. ಸಂಪಾದಕರು ಎದ್ದು ಅವಳಿಗೊಂದು ಕುರ್ಚಿ ಎಳೆದರು. ಆಮೇಲೆ, "ಕುಂದ್ರು ಯವ್ವಾ, ಚಾ ಕುಡಿ" ಎಂದರು.

ಅವಳು ಹೋದ ಮೇಲೆ ಅವರು, "ನಾಳೆಯಿಂದ ನಿಮಗ ಹ್ಯಾಂಗ ಬೇಕೋ ಹಂಗ ಬರೀರಿ" ಎಂದರು. ನಾನು ಅಷ್ಟಕ್ಕೆ ಏಳಲಿಲ್ಲ. ನನ್ನನ್ನು ಕೇಳದೆ ಒಂದಕ್ಷರವನ್ನೂ ಮುಟ್ಟುವುದಿಲ್ಲ ಎಂದು ಬರೆದುಕೊಡಬೇಕು, ತಿದ್ದಿ ಹಾಕಿದ್ದನ್ನೆಲ್ಲ ನಾನು ಬರೆದ ಹಾಗೆ ಮತ್ತೆ ಅಚ್ಚು ಹಾಕಬೇಕು, ಓದುಗರ ಕ್ಷಮೆ ಕೇಳಬೇಕು ಎಂದೆ. ಮೊದಲಿನ ಎರಡಕ್ಕೆ ಒಪ್ಪಿದರು. ಕ್ಷಮೆ ಮಾತ್ರ ಕೇಳಲಿಲ್ಲ. ಅದರ ಬದಲು ಕೊನೇ ಪುಟದಲ್ಲಿದ್ದ ಚಿತ್ರವನ್ನು ಒಳಗೆ, ಬೋರ್‌ವೆಲ್ಲು ಮತ್ತು ಸೀರೆ ಅಂಗಡಿಗಳ ಜಾಹೀರಾತಿನ ಕೆಳಗೆ ಹಾಕಿದರು. ಅದು ಈಗಲೂ ಅಲ್ಲೇ ಇದೆ. ಓದುವವರು ಹುಡುಕಿಕೊಂಡು ಅಲ್ಲಿಗೇ ಹೋಗುತ್ತಾರೆ.

ಇತ್ತೀಚೆಗೆ ಒಬ್ಬ ಮುಖ್ಯಗುರುಗಳು ಪತ್ರಿಕೆಗೆ ಪತ್ರ ಬರೆದಿದ್ದರು. ನನ್ನ ಚಿತ್ರ ಓದಿ ಓದಿ ಮಕ್ಕಳು ಪರೀಕ್ಷೆಯಲ್ಲಿ 'ಮನೆ' ಎನ್ನುವ ಕಡೆ 'ಮನಿ' ಎಂದು ಬರೆಯುತ್ತಿದ್ದಾರಂತೆ, ಇದಕ್ಕೆ ಯಾರು ಹೊಣೆ ಎಂದು ಕೇಳಿದ್ದರು. ಉತ್ತರ ಕೊಡುತ್ತೀರಾ ಎಂದು ಸಂಪಾದಕರು ಅದನ್ನು ನನಗೆ ಕಳಿಸಿದರು. ನಾನು ಬರೆದೆ: ಉತ್ತರಪತ್ರಿಕೆಯಲ್ಲಿ 'ಮನೆ' ಎಂದು ಬರೆಯಲು ಕಲಿಸುವುದು ತಮ್ಮ ಕೆಲಸ. ಶಿಕ್ಷಕಿಯಾದ ನನ್ನ ಕೆಲಸವೂ ಹೌದು, ಅದನ್ನು ನಾನು ದಿನಾ ಮಾಡುತ್ತೇನೆ. ಆದರೆ ಎಮ್ಮೆ ಯಾವ ಪರೀಕ್ಷೆಗೂ ಕೂತಿಲ್ಲ. ಸಂಪಾದಕರು ಅದನ್ನು ಹಾಗೇ ಅಚ್ಚು ಹಾಕಿದರು.