ಕಾಂತರಾಜು ಮೇಷ್ಟ್ರ ತಿದಿಯಿಲ್ಲದ ಪೆಟ್ಟಿಗೆ

ಹೊಳೆನರಸೀಪುರದ ಕಾಂತರಾಜುವನ್ನು ಹೆಸರು ಹಿಡಿದು ಕರೆಯುವವರು ಬ್ಯಾಂಕಿನವರು ಮಾತ್ರ. ಉಳಿದವರಿಗೆಲ್ಲ ಅವರು ಮೇಷ್ಟ್ರು. ಸ್ಕೂಲ್ ಮೇಷ್ಟ್ರಲ್ಲ, ನಾಟಕದ ಮೇಷ್ಟ್ರು. ಸುತ್ತಲಿನ ಹಳ್ಳಿಗಳಲ್ಲಿ ರೈತರು, ಮೆಕ್ಯಾನಿಕ್ಕುಗಳು, ಪಂಚಾಯ್ತಿ ಮೆಂಬರುಗಳು ಸೇರಿ ಪೌರಾಣಿಕ ನಾಟಕ ಕಟ್ಟಿದರೆ, ಅವರಿಗೆ ಹಾಡು ಕಲಿಸಿ, ಆಟದ ದಿನ ರಂಗದ ಮುಂದೆ ಹಾರ್ಮೋನಿಯಂ ಇಟ್ಟುಕೊಂಡು ಕೂರುವುದು ಮೂವತ್ತೊಂದು ವರ್ಷದಿಂದ ಅವರ ಕಸುಬು.

ಹೋದ ವರ್ಷ ಸ್ಕೂಟರಿನಿಂದ ಬಿದ್ದು ಎಡಭುಜ ಮುರಿದುಕೊಂಡರು. ಮೂಳೆ ಕೂಡಿತು, ತೋಳು ಮಾತ್ರ ಮೊದಲಿನಂತಾಗಲಿಲ್ಲ. ಬಲಗೈ ಕೀಗಳ ಮೇಲೆ ಎಷ್ಟು ಓಡಿದರೇನು, ಹಿಂದಿನ ತಿದಿ ಒತ್ತಿ ಗಾಳಿ ತುಂಬುವುದು ಎಡಗೈ ತಾನೆ? ಅದು ಎರಡು ಹಾಡು ಮುಗಿಯುವಷ್ಟರಲ್ಲಿ ಸೋತು ಹೋಗುತ್ತಿತ್ತು.

ಸಾಲಗಾಮೆಯ ತಂಡದಲ್ಲಿ ದುರ್ಯೋಧನನ ಪಾರ್ಟು ಮಾಡುವ ಲಕ್ಕಣ್ಣ ಒಂದು ದಿನ ಮನೆಗೇ ಬಂದ. ಚಪ್ಪಲಿ ಬಿಡುವಾಗಲೇ ಮುಖ ಸಪ್ಪಗಿತ್ತು.

"ಬ್ಯಾಸ್ರ ಮಾಡ್ಕಬ್ಯಾಡಿ ಮೇಷ್ಟ್ರೆ. ಈ ಸಲ ಅರಕಲಗೂಡಿಂದ ಒಬ್ಬ ಕೀಬೋರ್ಡ್‌ನೋನ್ನ ಕರ್ಸಾನ ಅಂತವ್ರೆ ನಮ್ಮೋರು. ಒಂದು ತಿಂಗ್ಳು ತಡೀರ್ಲಾ ಅಂತ ನಾನೇ ಏಳಿವ್ನಿ."

"ಅದುಕ್ಕೇನಂತೆ," ಅಂದರು ಮೇಷ್ಟ್ರು. ಸಾಲಗಾಮೆ ಕೈಬಿಟ್ಟಿತೆಂದರೆ ಮಿಕ್ಕ ಊರುಗಳೂ ಬಿಡುತ್ತವೆ, ಆಮೇಲೆ ಮೇಷ್ಟ್ರು ಅನ್ನುವವರು ಯಾರು?

ದಾರಿ ತೋರಿದವಳು ಮಗಳು ಮೇಘಶ್ರೀ. ಖಾಸಗಿ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ.

"ತಿದೀನೇ ಇಲ್ದಿರೋ ಪೆಟ್ಟಿಗೆ ಬತ್ತದೆ ಕಣಪ್ಪ. ಮಿಡಿ ಕಂಟ್ರೋಲರ್ ಅಂತಾರೆ. ಅದ್ರಲ್ಲಿ ಸದ್ದಿಲ್ಲ, ಬರೀ ಕೀ. ನೀನು ಒತ್ತಿದ್ದನ್ನ ಲ್ಯಾಪ್‌ಟಾಪ್‌ಗೆ ತಿಳಿಸ್ತದೆ, ಆರ್ಮೋನಿಯಂ ಸದ್ದು ಅಲ್ಲಿಂದ ಬತ್ತದೆ. ಮನೇಲೇ ಆಡು ರೆಕಾರ್ಡ್ ಮಾಡಿ ಸಾಲಗಾಮೆಯೋರ ಫೋನಿಗೆ ಕಳ್ಸು. ಕೇಳಿ ಅವರೇ ಏಳ್ಲಿ."

ಹತ್ತು ಸಾವಿರ ದಾಟಬಾರದು ಎಂದು ಅಪ್ಪ ಮಗಳು ಮಾತಾಡಿಕೊಂಡು ಹಾಸನದ ಬಸ್ಸು ಹತ್ತಿದರು. ಅಂಗಡಿಯ ಕೀರ್ತಿರಾಜ್ ಮೂರು ಪೆಟ್ಟಿಗೆ ಮುಂದಿಟ್ಟ. ಇಪ್ಪತ್ತೈದು ಕೀಗಳದ್ದು, ಬಣ್ಣಬಣ್ಣದ ದೀಪ ಮಿನುಗುವಂಥದ್ದು, ಬ್ಯಾಗಿನಲ್ಲಿ ಹಿಡಿಯುತ್ತದೆ. ಮೂವತ್ತೆರಡು ಕೀಗಳದ್ದು. ನಲವತ್ತೊಂಬತ್ತರದ್ದು, ದೀಪಗೀಪ ಏನಿಲ್ಲ, ಬೋಳು.

ಮೇಷ್ಟ್ರು ಮೂರರ ಮೇಲೂ ಬೆರಳಾಡಿಸಿ, ಕಿವಿ ಹತ್ತಿರ ತಂದು ಕೇಳಿದರು.

"ಸಾ, ವೈರ್ ಆಕ್ದೆ ಸದ್ದು ಬರಲ್ಲ," ಎಂದು ಕೀರ್ತಿರಾಜ್ ನಕ್ಕ.

"ಗೊತ್ತಪ್ಪ, ಸುಮ್ನಿರು." ಹಾರ್ಮೋನಿಯಂ ಕೊಳ್ಳುವವರು ಗಾಳಿ ತುಂಬದೆಯೇ ಮೊದಲು ಕೀ ಒತ್ತಿ ನೋಡುವುದು. ಎಲ್ಲಿ ಲಟಗುಟ್ಟುತ್ತದೆ, ಎಲ್ಲಿ ತಡವಾಗಿ ಏಳುತ್ತದೆ ಎಂಬುದು ಸದ್ದಿಲ್ಲದಾಗಲೇ ತಿಳಿಯುವುದು. ಚಿಕ್ಕ ಎರಡರಲ್ಲಿ ಅವರ ದಪ್ಪ ಬೆರಳು ಒಂದು ಕೀ ಒತ್ತಿದರೆ ಎರಡು ಕೂರುತ್ತಿದ್ದವು. ಬೋಳು ಪೆಟ್ಟಿಗೆಯ ಕೀ ಸಲೀಸಾಗಿ ಇಳಿದು ಸಲೀಸಾಗಿ ಎದ್ದವು. ಹಿಂದುಗಡೆ ಕಾಲಲ್ಲಿ ಒತ್ತುವ ಪೆಡಲ್ ಸಿಕ್ಕಿಸಲು ತೂತು ಬೇರೆ ಇತ್ತು. ಅದನ್ನು ಕಂಡದ್ದೇ ಮೇಷ್ಟ್ರ ಮುಖ ಅರಳಿತು. ಹುಡುಗರಾಗಿದ್ದಾಗ ಅವರು ಕಲಿತದ್ದು ಕಾಲಲ್ಲಿ ಗಾಳಿ ತುಳಿಯುವ ಹಾರ್ಮೋನಿಯಂ ಮೇಲೆ. ಕೈ ಹೋದರೆ ಕಾಲಿದೆಯಲ್ಲ! ಯಾರನ್ನೂ ಕೇಳದೆ ಪೆಡಲನ್ನೂ ಕಟ್ಟಿಸಿಕೊಂಡರು.

ಮನೆಯಲ್ಲಿ ಲ್ಯಾಪ್‌ಟಾಪಿಗೆ ಜೋಡಿಸಿ, ದುರ್ಯೋಧನನ ಪ್ರವೇಶದ ಹಾಡು ಶುರುಮಾಡಿ, ಹಳೇ ಅಭ್ಯಾಸದಂತೆ ಪೆಡಲನ್ನು ತುಳಿದೇ ತುಳಿದರು. ಸ್ವರಗಳು ಒಂದಕ್ಕೊಂದು ಅಂಟಿಕೊಂಡು ಗೊಜ್ಜಾಗಿ, ಮರುಗಳಿಗೆ ಕಡಿದು ಬಿದ್ದವು.

ಮೇಘಶ್ರೀ ಬಾಯಿಗೆ ಸೆರಗು ಒತ್ತಿಕೊಂಡಳು. "ಅದು ಗಾಳಿ ಪೆಡಲ್ ಅಲ್ಲ ಕಣಪ್ಪ! ತುಳುದ್ರೆ ಸ್ವರ ಇಡ್ಕಂತದೆ, ಬಿಟ್ರೆ ಬುಡ್ತದೆ. ಅಷ್ಟೇಯ."

ಪೆಡಲ್ ಕಿತ್ತಿಟ್ಟು ನುಡಿಸಿದರೆ ಸ್ವರವೇನೋ ಶುದ್ಧ, ಜೀವ ಮಾತ್ರ ಇಲ್ಲ. ದುರ್ಯೋಧನ ಅಬ್ಬರಿಸಿದರೂ ಅಷ್ಟೇ, ಅತ್ತರೂ ಅಷ್ಟೇ. ತಿದಿ ಜೋರಾಗಿ ಒತ್ತಿದರೆ ಸ್ವರ ಉಬ್ಬಬೇಕು, ಕೈ ಹಗುರ ಮಾಡಿದರೆ ಇಳಿಯಬೇಕು. ಇಷ್ಟು ದಿನ ಬಲಗೈಯನ್ನು ಹೊಗಳಿಸಿಕೊಂಡದ್ದು ದಂಡವಾಯಿತು, ಹಾಡಿಸುತ್ತಿದ್ದದ್ದು ಎಡಗೈ ಎಂದು ಮೇಷ್ಟ್ರಿಗೆ ಆಗ ಅನ್ನಿಸಿತು.

ಮೂರು ದಿನ ಪೆಟ್ಟಿಗೆಯ ಮೇಲೆ ಟವಲ್ ಮುಚ್ಚಿಟ್ಟರು. ನಾಲ್ಕನೆಯ ದಿನ ಸುಮ್ಮನೆ ಕೂತು ನುಡಿಸುತ್ತಿದ್ದಾಗ, ಕೆಲಸವಿಲ್ಲದೆ ಪೆಟ್ಟಿಗೆಯ ಎಡತುದಿಯಲ್ಲಿ ಬಿದ್ದಿದ್ದ ಎಡಗೈಯ ಹೆಬ್ಬೆರಳು ಅಲ್ಲಿದ್ದ ಪುಟ್ಟ ಚಕ್ರಕ್ಕೆ ತಾಗಿತು. ಸ್ವರ ಗಡಗಡ ನಡುಗಿತು.

"ಮಗಾ, ಈ ಚಕ್ರ ನಡುಗ್ಸೋದು ಬಿಟ್ಟು ಸದ್ದು ಏರ್ಸಿ ಇಳ್ಸಂಗೆ ಮಾಡಕಾಯ್ತದಾ?"

"ಮಾಡ್ಬೋದು ಕಣಪ್ಪ. ಯಾವ ಕೆಲ್ಸ ಏಳಿದ್ರೂ ಮಾಡ್ತದೆ ಅದು."

ಹತ್ತು ನಿಮಿಷದಲ್ಲಿ ಬದಲಿಸಿಕೊಟ್ಟಳು. ಭುಜ ಎತ್ತಬೇಕಿಲ್ಲ, ತೋಳು ಬೀಸಬೇಕಿಲ್ಲ, ಹೆಬ್ಬೆರಳು ಒಂದಿಷ್ಟು ಜರುಗಿದರೆ ಸಾಕು. ಆ ಸಂಜೆ ಆರು ಹಾಡು ರೆಕಾರ್ಡಾಗಿ ಲಕ್ಕಣ್ಣನ ಫೋನಿಗೆ ಹೋದವು. ತೋಳು ಒಮ್ಮೆಯೂ ನೋಯಲಿಲ್ಲ.

ಮಾರನೇ ದಿನ ಲಕ್ಕಣ್ಣನ ಫೋನು.

"ಮೇಷ್ಟ್ರೆ, ಎಲ್ರೂ ಕೂತು ಕೇಳ್ದೊ. ಅರಕಲಗೂಡ್ನೋನಿಗೆ ಬ್ಯಾಡ ಅಂತ ಏಳ್ಬುಟ್ಟೊ. ಭಾನ್ವಾರ ತಾಲೀಮು, ಬಂದ್ಬುಡಿ. ಅದ್ಸರಿ, ಪಕ್ಕದಲ್ಲಿ ಕೂತು ತಿದಿ ಒತ್ಕೊಟ್ರಲ್ಲ, ಯಾರವರು? ಅವರ್ನೂ ಕರ್ಕೊಂಡ್ ಬನ್ನಿ."

ಮೇಷ್ಟ್ರು ತಮ್ಮ ಎಡಗೈಯ ಹೆಬ್ಬೆರಳನ್ನು ನೋಡಿಕೊಂಡರು.

"ನಾನೇ ಕಣ್ಲಾ," ಅಂದರು.